ಆಟದ ಬಯಲಿನಲ್ಲಿ ಮಗುವಿನ ಪ್ರಗತಿ: ಅಳೆಯುವುದು ಹೇಗೆ, ಹೇಳುವುದು ಹೇಗೆ?

(ಶತಮಾನೋತ್ಸವದ ಅಂಗವಾಗಿ ಜರಗಿದ ಶೈಕ್ಷಣಿಕ ಗೋಷ್ಠಿಯಲ್ಲಿ, ಶಾಲೆಯ ಹಳೆವಿದ್ಯಾರ್ಥಿಯೂ ನಿವೃತ್ತ ದೈಹಿಕ ಶಿಕ್ಷಣ ಅಧ್ಯಾಪಕರೂ ಆದವರು ಮಾಡಿದ ಭಾಷಣದ ಲಿಖಿತ ರೂಪ)



ಈ ಶಾಲೆಯ ಅಂಗಳದಲ್ಲಿ ನಾನು ಮೊದಲು ಓಡಿದ್ದು ಬರಿಗಾಲಿನಲ್ಲಿ. ಕೆಂಪುಕಲ್ಲಿನ ನೆಲವದು; ಬಿದ್ದವನಿಗೆ ಗುರುತು ಕೊಡದೆ ಬಿಡುತ್ತಿರಲಿಲ್ಲ. ನನ್ನ ಎಡಮೊಣಕಾಲಿನಲ್ಲಿ ಆ ಗುರುತು ಇಂದಿಗೂ ಇದೆ. ಮುಂದೆ ಇದೇ ಅಂಗಳದಲ್ಲಿ ಕೊರಳಿಗೆ ಸೀಟಿ ಕಟ್ಟಿಕೊಂಡು 31 ವರ್ಷ ನಿಂತೆ. ಓಡಿದವನೂ ಓಡಿಸಿದವನೂ ಆದ ನನಗೆ, ನೂರು ತುಂಬಿದ ಈ ವಿದ್ಯಾಮಂದಿರದ ವೇದಿಕೆಯಲ್ಲಿ ನಾಲ್ಕು ಮಾತನಾಡುವ ಅವಕಾಶ ದೊರೆತುದು ನನ್ನ ಭಾಗ್ಯವೆಂದು ತಿಳಿಯುತ್ತೇನೆ.

ಸಮಿತಿಯವರು ನನಗೆ ಕೊಟ್ಟ ವಿಷಯ ‘ದೈಹಿಕ ಶಿಕ್ಷಣದಲ್ಲಿ ಮಕ್ಕಳ ಪ್ರಗತಿಯ ಮೌಲ್ಯಮಾಪನ’. ಇದನ್ನು ಕೇಳಿದ ಗೆಳೆಯರೊಬ್ಬರು, ‘‘ಅದರಲ್ಲಿ ಮೌಲ್ಯಮಾಪನ ಮಾಡಲು ಏನಿದೆ? ಮಕ್ಕಳು ಓಡುತ್ತಾರೆ, ಆಡುತ್ತಾರೆ, ಬೆವರು ಒರೆಸಿಕೊಂಡು ತರಗತಿಗೆ ಮರಳುತ್ತಾರೆ’’ ಎಂದರು. ಅವರ ಮಾತನ್ನು ತಪ್ಪೆನ್ನಲಾರೆ. ಪ್ರಗತಿಪತ್ರದಲ್ಲಿ ಭಾಷೆ, ಗಣಿತ, ವಿಜ್ಞಾನ, ಸಮಾಜ ಎಲ್ಲ ಮುಗಿದ ಮೇಲೆ, ಕೆಳಗಿನ ಸಾಲಿನಲ್ಲಿ ದೈಹಿಕ ಶಿಕ್ಷಣದ ಎದುರು ಒಂದೇ ಒಂದು ಅಕ್ಷರ ಇರುತ್ತದೆ. ಹೆತ್ತವರ ಕಣ್ಣು ಅಲ್ಲಿಯವರೆಗೆ ಇಳಿಯುವುದು ಅಪರೂಪ. ಆದರೆ ಮಗುವಿನ ಕಣ್ಣು ಅಲ್ಲಿಗೆ ಖಂಡಿತ ಇಳಿಯುತ್ತದೆ. ಇಂದು ನಾನು ಮಾತನಾಡಬೇಕೆಂದಿರುವುದು ಆ ಒಂದು ಅಕ್ಷರದ ಬಗ್ಗೆ. ಅದನ್ನು ಅನೇಕ ವರ್ಷ ಸರಿಯಾಗಿ ಬರೆಯದವರಲ್ಲಿ ನಾನೂ ಒಬ್ಬ.

ನಮ್ಮ ಶಾಲೆ ಕಣ್ಣು ಬಿಟ್ಟ ಕಾಲಕ್ಕೆ ಕಾಸರಗೋಡು ಮದ್ರಾಸ್ ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಆಗ ಶಾಲೆಗಳಲ್ಲಿ ದೈಹಿಕ ಶಿಕ್ಷಣವೆಂದರೆ ಕವಾಯತು. ನಲವತ್ತು ಮಕ್ಕಳು ಸಾಲಾಗಿ ನಿಲ್ಲಬೇಕು, ಆಜ್ಞೆಯಾದೊಡನೆ ನಲವತ್ತು ಕೈಗಳು ಒಟ್ಟಿಗೆ ಮೇಲೇಳಬೇಕು. ಯಾವ ಕೈ ತಡವಾಯಿತೋ ಆ ಕೈಗೆ ಬೆತ್ತ. ಅದೂ ಒಂದು ಮೌಲ್ಯಮಾಪನವೇ. ಆದರೆ ಎಲ್ಲರೂ ಒಂದೇ ತೆರನಾಗಿದ್ದಾರೆಯೇ ಎಂಬುದನ್ನು ಮಾತ್ರ ಅದು ಅಳೆಯುತ್ತಿತ್ತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ವಿದ್ಯಾಲಯವನ್ನು ಸ್ಥಾಪಿಸಿದರು. ಅಂಥ ವಿದ್ಯಾಲಯಗಳಲ್ಲಿ ತರಬೇತಿ ಪಡೆದವರು ಶಾಲೆಗಳಿಗೆ ಬಂದಂತೆ ಕವಾಯತಿನ ಪಕ್ಕದಲ್ಲಿ ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಮುಂತಾದ ಆಟಗಳು ಬಂದು ಕುಳಿತವು. ಆಟ ಬಂದೊಡನೆ ಗೆಲುವು ಬಂತು, ಗೆಲುವಿನೊಡನೆ ಕಪ್ಪು ಬಂತು, ಕಪ್ಪಿನೊಡನೆ ಅದನ್ನು ತರಬಲ್ಲ ಹತ್ತು ಮಕ್ಕಳ ತಂಡ ಬಂತು. ಉಳಿದ ಮಕ್ಕಳು ಮೈದಾನದ ಅಂಚಿಗೆ ಸರಿದು ಚಪ್ಪಾಳೆ ತಟ್ಟುವವರಾದರು.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಪಠ್ಯಗಳು ಬದಲಾದವು, ಇಲಾಖೆ ಬದಲಾಯಿತು. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಕೇರಳದಲ್ಲಿ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಚಟುವಟಿಕೆಯ ಮೂಲಕ ಕಲಿಕೆ, ನಿರಂತರ ಮೌಲ್ಯಮಾಪನ ಎಂಬ ಮಾತುಗಳನ್ನು ನಾವು ಆಗ ಕೇಳಿದೆವು. ಅಂಕಗಳ ಜಾಗಕ್ಕೆ ಗ್ರೇಡುಗಳು ಬಂದವು. ಆದರೆ ಅಂಕ ಅಕ್ಷರವಾದ ಮಾತ್ರಕ್ಕೆ ನೋಡುವ ಕಣ್ಣು ಬದಲಾಗುವುದಿಲ್ಲ. ನನ್ನದಂತೂ ಬದಲಾಗಿರಲಿಲ್ಲ. ಅದು ಬದಲಾದುದು ಹೇಗೆಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ನಾನು ಇನ್ನೂ ಸೇವೆಯಲ್ಲಿದ್ದಾಗ, ಜೂನ್ ತಿಂಗಳ ಒಂದು ಮಳೆಯ ಬೆಳಿಗ್ಗೆ ತಾಯಿಯೊಬ್ಬಳು ಮಗಳನ್ನು ಐದನೆಯ ತರಗತಿಗೆ ಸೇರಿಸಲು ಬಂದಿದ್ದಳು. ಆಕೆ ಇದೇ ಶಾಲೆಯಲ್ಲಿ ಕಲಿತವಳು, ನನ್ನ ಶಿಷ್ಯೆ. ಕಚೇರಿಯ ಕೆಲಸ ಮುಗಿಸಿ ನನ್ನ ಬಳಿಗೆ ಬಂದು ಮೆಲ್ಲನೆ ಹೇಳಿದಳು: ‘‘ಮಾಸ್ಟ್ರೇ, ಇವಳನ್ನು ಓಟಕ್ಕೆಲ್ಲ ಸೇರಿಸುವುದು ಬೇಡ. ಇವಳೂ ನನ್ನ ಹಾಗೆಯೇ. ನಮಗೆ ಅದೆಲ್ಲ ಆಗುವುದಿಲ್ಲ.’’

‘ನಮಗೆ’ ಎಂಬ ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಹತ್ತು ವರ್ಷದ ಮಗು ಶಾಲೆಯ ಅಂಗಳಕ್ಕೆ ಕಾಲಿಡುವ ಮೊದಲೇ ಅದರ ಕಾಲುಗಳ ಬಗ್ಗೆ ತೀರ್ಪು ಬಂದಿತ್ತು. ಆ ತೀರ್ಪು ಬರೆದವರು ಯಾರು? ಸಂಜೆ ಕಪಾಟಿನಲ್ಲಿದ್ದ ಹಳೆಯ ದಾಖಲೆ ಪುಸ್ತಕಗಳನ್ನು ಹುಡುಕಿದೆ. ಗೆದ್ದಲು ಒಂದು ಅಂಚನ್ನು ತಿಂದಿದ್ದರೂ ಬರಹ ಉಳಿದಿತ್ತು. ತಾಯಿ ಆರನೆಯ ತರಗತಿಯಲ್ಲಿದ್ದಾಗಿನ ಪುಟ ಅದು. 600 ಮೀಟರ್ ಓಟ, ಅಂದರೆ ನಮ್ಮ ಮೈದಾನಕ್ಕೆ ಮೂರು ಸುತ್ತು. ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಆಕೆಗೆ ಬೇಕಾದುದು 4 ನಿಮಿಷ 20 ಸೆಕೆಂಡು. ಫೆಬ್ರವರಿಯಲ್ಲಿ 3 ನಿಮಿಷ 35 ಸೆಕೆಂಡು. ಎರಡು ಸಲವೂ ತರಗತಿಯಲ್ಲಿ ಕೊನೆಯವಳು. ಎದುರಿಗೆ ನನ್ನ ಕೈಯಿಂದಲೇ ಬರೆದ ಗ್ರೇಡು: ಸಿ.

ಅದೇ ಪುಟದಲ್ಲಿ ಕಬಡ್ಡಿ ತಂಡದ ಹುಡುಗನೊಬ್ಬನ ಹೆಸರಿತ್ತು. ಅಕ್ಟೋಬರಿನಲ್ಲಿ ಅವನಿಗೆ 2 ನಿಮಿಷ 5 ಸೆಕೆಂಡು, ಫೆಬ್ರವರಿಯಲ್ಲಿ 2 ನಿಮಿಷ 9 ಸೆಕೆಂಡು. ಎದುರಿಗೆ ಎ.

ನಾಲ್ಕು ತಿಂಗಳಲ್ಲಿ 45 ಸೆಕೆಂಡು ಮುಂದೆ ಬಂದ ಮಗುವಿಗೆ ನಾನು ‘ನಿನ್ನಿಂದ ಆಗದು’ ಎಂದು ಬರೆದಿದ್ದೆ. ನಾಲ್ಕು ಸೆಕೆಂಡು ಹಿಂದೆ ಬಿದ್ದವನಿಗೆ ‘ನೀನು ಬಹಳ ಚೆನ್ನಾಗಿ ಕಲಿತಿದ್ದೀಯೆ’ ಎಂದು ಬರೆದಿದ್ದೆ. ಇಬ್ಬರಿಗೂ ಅನ್ಯಾಯವಾಗಿತ್ತು. ಆಕೆ ಮರುವರ್ಷದಿಂದ ಆಟದ ಪೀರಿಯಡಿನಲ್ಲಿ ಹೊಟ್ಟೆನೋವೆಂದು ಹಲಸಿನ ಮರದ ಬುಡದಲ್ಲಿ ಕುಳಿತಳು. ನಾನು ಬಲವಂತ ಮಾಡಲಿಲ್ಲ, ಅದನ್ನೇ ದಯೆ ಎಂದುಕೊಂಡಿದ್ದೆ. ಆತ ತನಗೆ ಕಲಿಯಲು ಇನ್ನೇನೂ ಉಳಿದಿಲ್ಲವೆಂದು ತಿಳಿದ. ಅಂಕಿಗಳನ್ನು ಬರೆದವನು ನಾನೇ, ಅವನ್ನು ಓದದೆ ಇದ್ದವನೂ ನಾನೇ.

ಮಹನೀಯರೇ, ನಮ್ಮ ನಾಡಿನಲ್ಲಿ ಆಟದ ಪರೀಕ್ಷೆ ಎಂದರೆ ಎಲ್ಲರಿಗೂ ನೆನಪಾಗುವುದು ದ್ರೋಣಾಚಾರ್ಯರು ಮರದ ಮೇಲಿನ ಹಕ್ಕಿಯನ್ನು ತೋರಿಸಿ ಶಿಷ್ಯರನ್ನು ಪರೀಕ್ಷಿಸಿದ ಕಥೆ. ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಒಬ್ಬೊಬ್ಬರನ್ನೂ ಕರೆದು ‘ಏನು ಕಾಣುತ್ತದೆ?’ ಎಂದು ಕೇಳಿದ ಆಚಾರ್ಯರು, ಮರ, ಕೊಂಬೆ, ಗುರು, ತಮ್ಮಂದಿರು ಎಲ್ಲವನ್ನೂ ಕಂಡವರನ್ನು ಹಿಂದೆ ಸರಿಸಿ, ಹಕ್ಕಿಯನ್ನೇ ಕಂಡ ಅರ್ಜುನನಿಗೆ ಬಾಣ ಬಿಡಲು ಹೇಳಿದರು. ಅರ್ಜುನನ ಏಕಾಗ್ರತೆಯನ್ನು ಸಾವಿರ ಸಲ ಕೊಂಡಾಡಿದ್ದೇವೆ. ಆದರೆ ಆ ದಿನ ಹಿಂದೆ ಸರಿದು ನಿಂತವರಲ್ಲಿ ಭೀಮನೂ ಇದ್ದನಲ್ಲವೇ? ಗದೆ ಹಿಡಿಯಬೇಕಾದ ತೋಳನ್ನು ಹಕ್ಕಿಯ ಪರೀಕ್ಷೆ ಅಳೆಯಲಿಲ್ಲ. ದ್ರೋಣರ ಪರೀಕ್ಷೆ ಒಬ್ಬನನ್ನು ಆರಿಸುವ ಪರೀಕ್ಷೆ. ಉಪಜಿಲ್ಲಾ ಕ್ರೀಡಾಕೂಟಕ್ಕೆ ತಂಡ ಆರಿಸುವಾಗ ನಮಗೂ ಅದು ಬೇಕು. ಆದರೆ ತರಗತಿಯ ಪಾಠದಲ್ಲಿ ಶಾಲೆಯ ಕೆಲಸ ನೂರೈದು ಮಂದಿಯನ್ನೂ ಬೆಳೆಸುವುದು. ಆರಿಸುವ ಅಳತೆಗೋಲಿನಿಂದ ಬೆಳೆಸುವ ಕೆಲಸವನ್ನು ಅಳೆದದ್ದೇ ನಾವು ಮಾಡುತ್ತ ಬಂದ ತಪ್ಪು.

ಹಾಗಾದರೆ ಸರಿಯಾದ ಪ್ರಶ್ನೆ ಯಾವುದು? ‘ಯಾರು ಮುಂದೆ?’ ಎಂಬುದಲ್ಲ, ‘ಈ ಮಗು ಎಲ್ಲಿಂದ ಎಲ್ಲಿಗೆ ಬಂತು?’ ಎಂಬುದು. ಮಗುವನ್ನು ಪಕ್ಕದ ಮಗುವಿನೊಡನೆ ಹೋಲಿಸದೆ, ಅದರ ನಿನ್ನೆಯೊಡನೆ ಹೋಲಿಸಬೇಕು.

ಇದನ್ನು ಹೇಳುವುದು ಸುಲಭ, ಮಾಡುವುದು ಅಷ್ಟು ಸುಲಭವಲ್ಲ. ಆ ದಿನದ ಬಳಿಕ ನಾನು ಉತ್ಸಾಹದಿಂದ ಹೊಸ ಲೆಕ್ಕ ಆರಂಭಿಸಿದೆ: ಎಷ್ಟು ಸೆಕೆಂಡು ಸುಧಾರಣೆಯೋ ಅಷ್ಟು ಅಂಕ. ಎರಡೇ ವರ್ಷಗಳಲ್ಲಿ ಮಕ್ಕಳು ನನಗೆ ಪಾಠ ಕಲಿಸಿದರು. ಮೊದಲ ಓಟದಲ್ಲಿ ಕೆಲವರು ಹರಟೆ ಹೊಡೆಯುತ್ತ ನಡೆದೇ ಬಂದರು. ಕೊನೆಯ ಓಟದಲ್ಲಿ ಜಿಂಕೆಗಳಾದರು! ಸುಧಾರಣೆಗೇ ಅಂಕವಿದ್ದರೆ ಮೊದಲು ನಿಧಾನವಾಗಿ ಓಡುವವನೇ ಜಾಣ. ಎರಡನೆಯದಾಗಿ, ಈಗಾಗಲೇ ಚೆನ್ನಾಗಿ ಓಡುವವನಿಗೆ ಸುಧಾರಿಸಲು ಇರುವ ಎಡೆ ಕಡಿಮೆ. ಅವನಿಗೆ ಅಂಕ ಸಿಗಲಿಲ್ಲ. ಮೂರನೆಯದಾಗಿ, ಹತ್ತರಿಂದ ಹದಿನೈದರ ವಯಸ್ಸಿನ ದೇಹ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಹುಡುಗಿಯರು ಸಾಮಾನ್ಯವಾಗಿ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಉದ್ದ ಬೆಳೆಯುತ್ತಾರೆ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಎಳೆಮಗುವಿನಂತಿರುತ್ತಾನೆ. ಕಾಲು ಉದ್ದವಾದುದರಿಂದ ಜಿಗಿತ ಉದ್ದವಾದರೆ ಅದು ಕಲಿಕೆಯಲ್ಲ; ದೇಹ ಥಟ್ಟನೆ ಬೆಳೆದಾಗ ಕೈಕಾಲುಗಳ ಹೊಂದಾಣಿಕೆ ಕೆಲವು ತಿಂಗಳು ತಪ್ಪಿದರೆ ಅದು ಸೋಮಾರಿತನವೂ ಅಲ್ಲ.

ಆದ್ದರಿಂದ ಅಂಕಿಗಳನ್ನು ಬರೆದಿಡೋಣ, ಆದರೆ ಅಂಕಿಯನ್ನೇ ಅಂಕವಾಗಿಸದಿರೋಣ. ಅಂಕಿ ಇರುವುದು ಮಗುವಿನೊಡನೆ ಮಾತು ಆರಂಭಿಸುವುದಕ್ಕೆ. ‘ಇಷ್ಟು ಸಮಯ ಹಿಡಿಯಿತು, ಯಾಕೆ? ಮೊದಲ ಸುತ್ತಿನಲ್ಲೇ ದಮ್ಮೆಲ್ಲ ಖರ್ಚು ಮಾಡಿದೆಯಾ? ಮುಂದಿನ ಸಲ ಹೇಗೆ ಓಡುತ್ತೀಯೆ?’ ಎಂದು ಕೇಳುವುದಕ್ಕೆ.

ಇನ್ನು ಓಟದ ಸಮಯ, ಜಿಗಿತದ ಉದ್ದ ಇವು ಮೌಲ್ಯಮಾಪನದ ಒಂದು ಭಾಗ ಮಾತ್ರ. ನಾನು ಅನುಭವದಿಂದ ಕಂಡುಕೊಂಡಂತೆ ನೋಡಬೇಕಾದ ಬದಿಗಳು ನಾಲ್ಕು: ದೇಹದ ಕ್ಷಮತೆ, ಚಲನೆಯ ಕೌಶಲ, ಆಟದ ತಿಳಿವಳಿಕೆ, ಒಡನಾಟದ ನಡತೆ.

ಕ್ಷಮತೆಗೆ ಇಂದು ಸಿದ್ಧ ಪರೀಕ್ಷೆಗಳಿವೆ. ಖೇಲೋ ಇಂಡಿಯಾ ಯೋಜನೆಯ ಕ್ಷಮತಾ ಪರೀಕ್ಷೆಗಳನ್ನೇ ನೋಡಿ. ಒಂದರಿಂದ ಮೂರನೆಯ ತರಗತಿಯ ಪುಟ್ಟ ಮಕ್ಕಳಿಗೆ ಎತ್ತರ-ತೂಕದ ಅನುಪಾತವಲ್ಲದೆ ಎರಡೇ ಪರೀಕ್ಷೆ: ಒಂಟಿಕಾಲಿನಲ್ಲಿ ಒಂದು ನಿಮಿಷ ಸಮತೋಲ ಕಾಯ್ದು ನಿಲ್ಲುವುದು, ಮತ್ತು ಮೇಜಿನ ಮೇಲೆ 60 ಸೆಂಟಿಮೀಟರ್ ಅಂತರದಲ್ಲಿಟ್ಟ ಎರಡು ಬಿಲ್ಲೆಗಳನ್ನು ಒಂದು ಕೈಯಿಂದ ಸರಸರನೆ 25 ಸುತ್ತು ಮುಟ್ಟುವುದು. ಆ ವಯಸ್ಸಿನಲ್ಲಿ ಯಾರೂ ಮಕ್ಕಳನ್ನು ಓಡಿಸಿ ಅಳೆಯುತ್ತಿಲ್ಲವೆಂಬುದನ್ನು ಗಮನಿಸಬೇಕು. ನಾಲ್ಕನೆಯ ತರಗತಿಯಿಂದ ಮೇಲೆ 50 ಮೀಟರ್ ವೇಗದ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವುದು, ಹೊಟ್ಟೆಯ ಮತ್ತು ತೋಳಿನ ಬಲದ ಪರೀಕ್ಷೆಗಳು. ‘ಓಟ ಅಥವಾ ನಡಿಗೆ’ ಎಂಬ ಮಾತನ್ನು ನಾನು ಎಷ್ಟೋ ವರ್ಷ ಸರಿಯಾಗಿ ಗಮನಿಸಿರಲಿಲ್ಲ. ನಡೆಯುವುದಕ್ಕೂ ಅಲ್ಲಿ ಅನುಮತಿ ಇದೆ. ನಡೆದು ಮುಗಿಸಿದ ಮಗು ಸೋತ ಮಗುವಲ್ಲ.

ತೂಕದ ಬಗ್ಗೆ ಒಂದು ಮಾತು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಸಂಖ್ಯೆಯನ್ನು ದೊಡ್ಡವರಿಗೆ ಓದಿದಂತೆ ಮಕ್ಕಳಿಗೆ ಓದಬಾರದು. ವಯಸ್ಸು ಮತ್ತು ಲಿಂಗವನ್ನು ನೋಡಿಯೇ ಅದಕ್ಕೆ ಅರ್ಥ ಹೇಳಬೇಕು. ಅದನ್ನು ಇಡೀ ತರಗತಿಯ ಎದುರು ಗಟ್ಟಿಯಾಗಿ ಓದುವುದಂತೂ ಕ್ರೌರ್ಯ. ಆ ಸಂಖ್ಯೆ ಮಗುವಿನ ಮನೆಗೆ ಹೋಗಲಿ, ಬೇಕಾದರೆ ವೈದ್ಯರಲ್ಲಿಗೆ ಹೋಗಲಿ. ಗ್ರೇಡಿನ ಕಾಲಂಗೆ ಹೋಗಬಾರದು.

ಎರಡನೆಯದು ಕೌಶಲ. ಇಲ್ಲಿ ನಮಗೆ ಗುರುಗಳು ದೂರದಲ್ಲಿಲ್ಲ. ಕುಂಬಳೆಯ ಪಾರ್ತಿಸುಬ್ಬನ ನೆಲ ನಮ್ಮದು. ತೆಂಕುತಿಟ್ಟಿನ ಯಕ್ಷಗಾನ ಕಲಿಸುವ ಗುರುಗಳನ್ನು ನೀವೆಲ್ಲ ನೋಡಿದ್ದೀರಿ. ಹೊಸದಾಗಿ ಹೆಜ್ಜೆ ಕಲಿಯುವ ಹುಡುಗ ಎಷ್ಟು ದಿಗಿಣ ಹಾರುತ್ತಾನೆಂದು ಅವರು ಮೊದಲ ದಿನ ಎಣಿಸುವುದಿಲ್ಲ. ಪಾದ ನೆಲಕ್ಕೆ ಹೇಗೆ ಬೀಳುತ್ತದೆ, ಮಂಡಿ ಬಾಗಿದೆಯೇ, ಹೆಜ್ಜೆ ತಾಳಕ್ಕೆ ಕೂಡಿದೆಯೇ ಎಂದು ನೋಡುತ್ತಾರೆ. ತಪ್ಪಿದಲ್ಲಿ ತಾವೇ ಕುಣಿದು ತೋರಿಸುತ್ತಾರೆ. ಒಂದು ಹೆಜ್ಜೆ ಸರಿಯಾದ ಮೇಲೆ ಮುಂದಿನದು. ಅವರ ಕೈಯಲ್ಲಿ ಗ್ರೇಡಿನ ಪುಸ್ತಕವಿಲ್ಲ, ಆದರೆ ಪ್ರತಿಯೊಬ್ಬ ಶಿಷ್ಯ ಯಾವ ಹೆಜ್ಜೆಯಲ್ಲಿದ್ದಾನೆಂದು ಅವರು ಬಲ್ಲರು.

ಆಟದ ಪಾಠದಲ್ಲೂ ಹೀಗೆಯೇ ನೋಡಬಹುದು. ಚೆಂಡು ಎಸೆಯುವುದನ್ನೇ ತೆಗೆದುಕೊಳ್ಳಿ. ಎಷ್ಟು ದೂರ ಬಿತ್ತೆಂದು ಟೇಪು ಹಿಡಿಯುವ ಮೊದಲು ನಾಲ್ಕು ವಿಷಯ ನೋಡೋಣ: ಎಸೆಯುವ ಮೊದಲು ಕೈ ಕೆಳಗಿಳಿದು ಹಿಂದಕ್ಕೆ ಹೋಯಿತೇ? ಸೊಂಟವೂ ಹೆಗಲೂ ತಿರುಗಿ ದೇಹ ಪಕ್ಕವಾಗಿ ನಿಂತಿತೇ? ಎಸೆಯುವ ಕೈಗೆ ಎದುರಾದ ಕಾಲು ಮುಂದೆ ಬಂತೇ? ಚೆಂಡು ಬಿಟ್ಟ ಮೇಲೂ ಕೈ ದೇಹವನ್ನು ದಾಟಿ ಮುಂದುವರಿಯಿತೇ? ಬಡಕಲು ಮಗುವೂ ಈ ನಾಲ್ಕನ್ನೂ ಕಲಿಯಬಲ್ಲುದು. ಬಲಿಷ್ಠನೂ ಇವುಗಳಲ್ಲಿ ಎರಡನ್ನು ಕಲಿಯದೆ ಬರಿಯ ತೋಳಬಲದಿಂದ ದೂರ ಎಸೆಯಬಲ್ಲ. ದೂರವನ್ನು ಮಾತ್ರ ಅಳೆದರೆ ಮೊದಲಿನವನ ಕಲಿಕೆಯೂ ಕಾಣದು, ಎರಡನೆಯವನ ಕೊರತೆಯೂ ಕಾಣದು.

ನಲವತ್ತು ಮಕ್ಕಳ ತರಗತಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಅಧ್ಯಾಪಕರು ಕೇಳಬಹುದು. ನಾನು ಅನುಸರಿಸಿದ ಕ್ರಮ ಸರಳವಾದುದು. ಒಂದು ಪೀರಿಯಡಿನಲ್ಲಿ ಎಂಟೇ ಮಕ್ಕಳನ್ನು ಗಮನಿಸುವುದು. ಆಟ ಎಲ್ಲರಿಗೂ, ನನ್ನ ಕಣ್ಣು ಮಾತ್ರ ಆ ಎಂಟರ ಮೇಲೆ. ಐದು ಪೀರಿಯಡಿನಲ್ಲಿ ಇಡೀ ತರಗತಿ ಮುಗಿಯುತ್ತದೆ. ಸಾಲು ನಿಲ್ಲಿಸಿ ಒಬ್ಬೊಬ್ಬರನ್ನೇ ಪರೀಕ್ಷಿಸಿದರೆ ಒಬ್ಬ ಓಡುವಾಗ ಮೂವತ್ತೊಂಬತ್ತು ಮಂದಿ ಕುಳಿತಿರುತ್ತಾರೆ. ಅದು ಪಾಠವನ್ನೇ ತಿಂದು ಹಾಕುವ ಪರೀಕ್ಷೆ. ಅಡಿಕೆ ಸಸಿ ನೆಟ್ಟವನು ದಿನವೂ ಬುಡ ಕಿತ್ತು ಬೇರು ನೋಡುವುದಿಲ್ಲ. ವರ್ಷಕ್ಕೆ ಎರಡು ಸಲ ಗಡಿಯಾರ ಹಿಡಿದರೆ ಸಾಕು. ಉಳಿದ ದಿನಗಳಲ್ಲಿ ಕಣ್ಣು ಸಾಕು. ಮಕ್ಕಳು ಜೋಡಿಯಾಗಿ ಒಬ್ಬರನ್ನೊಬ್ಬರು ನೋಡಿ ಹೇಳಲೂ ಬಲ್ಲರು. ‘ನಿನ್ನ ಕಾಲು ತಪ್ಪಿತು’ ಎಂದು ಗೆಳತಿ ಹೇಳಿದರೆ ಅದು ಮಾಸ್ಟ್ರ ಮಾತಿಗಿಂತ ಬೇಗ ಕಾಲಿಗೆ ತಲುಪುತ್ತದೆ.

ಮೂರನೆಯದಾದ ತಿಳಿವಳಿಕೆಯನ್ನು ಬಯಲಿನಲ್ಲಿ ಅಳೆಯಲಾಗದ ಮಳೆಗಾಲದಲ್ಲಿ ಅಳೆಯಬಹುದು. ನಮ್ಮಲ್ಲಿ ಜೂನಿನಿಂದ ತಿಂಗಳುಗಟ್ಟಲೆ ಮೈದಾನ ಕೆರೆಯಾಗಿರುತ್ತದೆ. ಆಗ ಪೀರಿಯಡನ್ನು ಗಣಿತದವರಿಗೆ ಕೊಟ್ಟುಬಿಡುವ ಬದಲು ಜಗಲಿಯಲ್ಲಿ ಕುಳಿತು ಕೇಳಬಹುದು: ಓಡುವ ಮೊದಲು ಮೈ ಬಿಸಿ ಮಾಡುವುದೇಕೆ? ನಾಡಿ ಎಣಿಸುವುದು ಹೇಗೆ? ಕಾಲು ಉಳುಕಿದರೆ ಮೊದಲು ಏನು ಮಾಡಬೇಕು? ನಾಲ್ಕನೆಯದು ಒಡನಾಟ. ಸೋತವನ ಕೈ ಹಿಡಿದೆತ್ತಿದವರು ಯಾರು, ಆಟ ಬಾರದವನಿಗೂ ಚೆಂಡು ಕೊಟ್ಟವರು ಯಾರು, ಔಟಾದುದನ್ನು ತಾನೇ ಒಪ್ಪಿಕೊಂಡವರು ಯಾರು ಎಂಬುದೆಲ್ಲ ದಿನವೂ ಕಾಣುತ್ತದೆ. ಆದರೆ ಅದನ್ನು ಯಾವ ಕಾಲಂನಲ್ಲೂ ನಾವು ಬರೆಯಲಿಲ್ಲ. ಅಂಗವಿಕಲ ಮಗುವನ್ನು ‘ವಿನಾಯಿತಿ’ ಎಂದು ಬರೆದು ಬದಿಗಿಡುವುದೂ ನಿಲ್ಲಬೇಕು. ಅದಕ್ಕೆ ತಕ್ಕ ಗುರಿಯನ್ನು ಅದರೊಡನೆಯೇ ಕೂತು ಗೊತ್ತುಪಡಿಸಿದರೆ ಆ ಮಗುವಿಗೂ ನಿನ್ನೆ ಇದೆ, ಇಂದು ಇದೆ.

ಇನ್ನು, ಗಡಿನಾಡಿನ ಕನ್ನಡ ಶಾಲೆಯ ವೇದಿಕೆಯಲ್ಲಿ ನಿಂತು ಹೇಳಲೇಬೇಕಾದ ಒಂದು ಮಾತಿದೆ. ದೈಹಿಕ ಶಿಕ್ಷಣಕ್ಕೆ ಭಾಷೆ ಬೇಕಿಲ್ಲ, ಸೀಟಿ ಇದ್ದರೆ ಸಾಕು ಎಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ, ಗಣಿತ ಅಥವಾ ವಿಜ್ಞಾನವಾದರೆ ಹೆತ್ತವರು ಎದ್ದು ಕೇಳುತ್ತಾರೆ. ಆಟದ ಅಧ್ಯಾಪಕರಾದರೆ ‘ಪರವಾಗಿಲ್ಲ ಬಿಡಿ’ ಎನ್ನುತ್ತಾರೆ. ಇದು ಸರಿಯೇ?

ಬೇರೊಂದು ಶಾಲೆಯಲ್ಲಿದ್ದ ಸಹೋದ್ಯೋಗಿಯೊಬ್ಬರು ನನಗೆ ಸ್ವತಃ ಹೇಳಿದ ಸಂಗತಿ ಇದು. ಅವರು ಸಜ್ಜನರು, ಆಟ ಬಲ್ಲವರು, ಮಕ್ಕಳ ಪ್ರೀತಿ ಗಳಿಸಿದವರು. ಕನ್ನಡ ಮಾತ್ರ ಬರುತ್ತಿರಲಿಲ್ಲ. ಹುಡುಗನೊಬ್ಬ ಓಟದ ನಡುವೆ ಪದೇಪದೇ ನಿಲ್ಲುತ್ತಿದ್ದ. ಕೇಳಿದರೆ ‘ದಮ್ಮು ಕಟ್ತದೆ ಸರ್’ ಎನ್ನುತ್ತಿದ್ದ. ಅದು ನೆಪವೆಂದು ತಿಳಿದು ಅವರು ಮತ್ತೆ ಓಡಿಸುತ್ತಿದ್ದರು, ಕೊನೆಗೆ ಕೆಳಗಿನ ಗ್ರೇಡು ಕೊಟ್ಟರು. ಹುಡುಗನಿಗೆ ಉಬ್ಬಸವಿತ್ತೆಂದು ಗೊತ್ತಾದುದು ವರ್ಷ ಮುಗಿದ ಮೇಲೆ. ‘‘ಆ ಎರಡು ಪದ ನನಗೆ ಗೊತ್ತಿದ್ದಿದ್ದರೆ!’’ ಎಂದು ಅವರು ಮಲಯಾಳದಲ್ಲಿ ಹೇಳಿ ತಲೆ ತಗ್ಗಿಸಿದರು. ತಪ್ಪು ಅವರದ್ದೆಂದು ನಾನು ಹೇಳಲಾರೆ. ನಾಲ್ಕು ಕನ್ನಡ ಮಾತು ಕಲಿಯಲು ಅವರಿಗೆ ನೆರವಾಗದೆ, ಆಟಕ್ಕೆ ಭಾಷೆ ಬೇಡವೆಂದು ಸುಮ್ಮನಿದ್ದ ನಾವೆಲ್ಲರೂ ಅದರಲ್ಲಿ ಪಾಲುದಾರರು.

ಸೀಟಿಗೆ ಭಾಷೆಯಿಲ್ಲ, ನಿಜ. ಓಡಿಸಲು ಸೀಟಿ ಸಾಕು, ನಿಲ್ಲಿಸಲು ಸೀಟಿ ಸಾಕು. ಆದರೆ ಮಗು ಯಾಕೆ ನಿಂತಿತೆಂದು ತಿಳಿಯಲು ಮಾತು ಬೇಕು. ತಿಂಗಳ ದಿನಗಳಲ್ಲಿರುವ ಹುಡುಗಿ ಅದನ್ನು ಹೇಳಿಕೊಳ್ಳಲು ಮಾತು ಬೇಕು, ಆ ಮಾತನ್ನು ನಾಚಿಕೆಯಾಗದಂತೆ ಕೇಳುವ ಕಿವಿ ಬೇಕು. ನಮ್ಮ ಮಕ್ಕಳು ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ ಎಂದು ಹಲವು ಮಾತುಗಳನ್ನಾಡುತ್ತಾರೆ. ಅವರೆಲ್ಲರನ್ನು ಒಂದು ಸೂರಿನಡಿ ಸೇರಿಸಿದ್ದು ಈ ಶಾಲೆಯ ಕನ್ನಡ. ಅದು ಆಟದ ಬಯಲಿನ ಗೇಟಿನ ಬಳಿ ನಿಂತುಬಿಡಬಾರದು.

ಕಾನೂನೂ ಇದನ್ನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ವಿಭಾಗದಲ್ಲಿ ಮಗುವಿನ ದೈಹಿಕ ಮತ್ತು ಮಾನಸಿಕ ಸಾಮರ್ಥ್ಯಗಳನ್ನು ಪೂರ್ಣ ಪ್ರಮಾಣದಲ್ಲಿ ಬೆಳೆಸಬೇಕೆಂದಿದೆ. ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆಂದಿದೆ. ಮಗುವನ್ನು ಭಯದಿಂದ, ಆತಂಕದಿಂದ ಮುಕ್ತಗೊಳಿಸಬೇಕೆಂದಿದೆ. ವ್ಯಾಪಕವೂ ನಿರಂತರವೂ ಆದ ಮೌಲ್ಯಮಾಪನ ಬೇಕೆಂದಿದೆ. ದೇಹ, ಭಾಷೆ, ನಿರ್ಭಯತೆ, ಮೌಲ್ಯಮಾಪನ ನಾಲ್ಕನ್ನೂ ಕಾಯಿದೆ ಒಂದೇ ಕಡೆ ಒಟ್ಟಿಗೆ ಕೂರಿಸಿದೆ. ಬೇರೆ ಬೇರೆ ಮಾಡಿದವರು ನಾವು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350 ಎ ವಿಧಿಯೂ ‘ಪುಸ್ತಕದ ಪಾಠಕ್ಕೆ ಮಾತ್ರ’ ಎಂದು ಗೆರೆ ಎಳೆದಿಲ್ಲ.

ಈಗ ಮೂರು ವಿನಂತಿಗಳನ್ನು ಮಾಡಿ ನನ್ನ ಮಾತು ಮುಗಿಸುತ್ತೇನೆ.

ಮೊದಲನೆಯದು ಹೆತ್ತವರಲ್ಲಿ. ಪ್ರಗತಿಪತ್ರ ಕೈಗೆ ಬಂದಾಗ ಕೊನೆಯ ಸಾಲಿನವರೆಗೂ ಓದಿ. ‘ಎಷ್ಟನೆಯವನಾಗಿ ಬಂದೆ?’ ಎಂದು ಕೇಳುವ ಬದಲು ‘ಹೋದ ಸಲ ಆಗದೆ ಇದ್ದದ್ದು ಈ ಸಲ ಏನಾಯಿತು?’ ಎಂದು ಕೇಳಿ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದ ಒಂದೆರಡು ಪೀರಿಯಡಿನಿಂದ ಅದು ತುಂಬುವುದಿಲ್ಲ. ಹಿಂದೆ ಗುಡ್ಡ ಹತ್ತಿ, ತೋಡು ದಾಟಿ ಶಾಲೆಗೆ ಬರುತ್ತಿದ್ದ ನಮಗೆ ಅದು ಕೇಳದೆಯೇ ಸಿಗುತ್ತಿತ್ತು. ಈಗ ಮಗು ಮನೆ ಬಾಗಿಲಿನಲ್ಲಿ ವಾಹನ ಹತ್ತಿ ಶಾಲೆಯ ಬಾಗಿಲಿನಲ್ಲಿ ಇಳಿಯುತ್ತದೆ. ಸಂಜೆಯ ಒಂದು ಗಂಟೆಯನ್ನು ಟ್ಯೂಷನ್ನಿನಿಂದ ಕಾಪಾಡಿ ಕೊಡಿ.

ಎರಡನೆಯದು ಅಧ್ಯಾಪಕರಲ್ಲಿ. ಪ್ರತಿ ಮಗುವಿಗೆ ಆಟದ ಒಂದು ಪುಟ್ಟ ಪುಸ್ತಕವಿರಲಿ. ಅದರಲ್ಲಿ ಮಗು ತಾನೇ ಬರೆಯಲಿ: ಇಂದು ಏನು ಮಾಡಿದೆ, ಏನು ಆಯಿತು, ಏನು ಆಗಲಿಲ್ಲ. ಅವಧಿಗೊಮ್ಮೆ ನೀವು ಅದರ ಕೆಳಗೆ ಗ್ರೇಡಿನ ಜೊತೆಗೆ ಎರಡು ವಾಕ್ಯ ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ‘ಚೆಂಡು ಹಿಡಿಯುವಾಗ ಈಗ ಕಣ್ಣು ಮುಚ್ಚುವುದಿಲ್ಲ’ ಎಂಬ ಒಂದು ವಾಕ್ಯ ಯಾವ ಗ್ರೇಡೂ ಹೇಳದ ಸಂಗತಿಯನ್ನು ಹೇಳುತ್ತದೆ.

ಮೂರನೆಯದು ಹಳೆವಿದ್ಯಾರ್ಥಿಗಳಲ್ಲಿ. ಶತಮಾನೋತ್ಸವದ ನೆನಪಿಗೆ ನೀವು ಕಟ್ಟಡ ಕೊಟ್ಟಿದ್ದೀರಿ, ಸಭಾಂಗಣ ಕೊಟ್ಟಿದ್ದೀರಿ, ಕೃತಜ್ಞತೆಗಳು. ಆದರೆ ಇನ್ನೊಂದು ಕೊಠಡಿ ಕಟ್ಟಲೆಂದು ಮೈದಾನದ ಅಂಚನ್ನು ಕತ್ತರಿಸುವ ಯೋಚನೆ ಬಂದರೆ ಅದಕ್ಕೆ ಅಡ್ಡ ನಿಲ್ಲುವವರು ನೀವೇ ಆಗಬೇಕು. ಆ ಬಯಲು ಕುಗ್ಗಿದರೆ ನಾನು ಹೇಳಿದ ಒಂದು ಮಾತೂ ಉಳಿಯುವುದಿಲ್ಲ.

ಆ ತಾಯಿಯ ವಿಷಯ ಅರ್ಧದಲ್ಲಿ ಬಿಟ್ಟಿದ್ದೆ. ಮರುವಾರ ಆಕೆ ಮಗಳ ಸಮವಸ್ತ್ರದ ಬಗ್ಗೆ ಕೇಳಲು ಬಂದಾಗ, ಗೆದ್ದಲು ತಿಂದ ಆ ಪುಸ್ತಕವನ್ನು ಅವಳ ಮುಂದಿಟ್ಟೆ. ಅವಳ ಹೆಸರಿನ ಎದುರಿನ ಎರಡು ಅಂಕಿಗಳನ್ನು ತೋರಿಸಿದೆ. ಆ ವರ್ಷ ಇಡೀ ತರಗತಿಯಲ್ಲಿ ನಿನ್ನಷ್ಟು ಮುಂದೆ ಬಂದವರು ಬೇರೆ ಯಾರೂ ಇರಲಿಲ್ಲ ಎಂದೆ. ಗ್ರೇಡು ಬರೆದ ಕೈ ತಪ್ಪು ಮಾಡಿತು ಎಂದೂ ಹೇಳಿದೆ. ಅವಳು ಆ ಪುಟದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ನಗಲಿಲ್ಲ, ಅಳಲೂ ಇಲ್ಲ. ‘‘ಇದನ್ನು ಆಗಲೇ ಹೇಳಬಹುದಿತ್ತಲ್ಲ, ಮಾಸ್ಟ್ರೇ?’’ ಎಂದಳು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ; ಇಂದಿಗೂ ಇಲ್ಲ. ಮಗಳನ್ನು ಓಟಕ್ಕೆ ಸೇರಿಸಬೇಡಿ ಎಂದು ಆಕೆ ಮತ್ತೆ ಹೇಳಲಿಲ್ಲ. ಆ ಹುಡುಗಿ ಓಡಿದಳು. ಪದಕವೇನೂ ಬರಲಿಲ್ಲ. ಏಳನೆಯ ತರಗತಿ ಮುಗಿಸಿ ಹೋಗುವವರೆಗೂ ಹಲಸಿನ ಮರದ ಬುಡದಲ್ಲಿ ಮಾತ್ರ ಅವಳು ಕುಳಿತುದನ್ನು ನಾನು ಕಾಣಲಿಲ್ಲ.

ನೂರು ವರ್ಷಗಳಲ್ಲಿ ಈ ಅಂಗಳದಲ್ಲಿ ಸಾವಿರಾರು ಮಕ್ಕಳು ಓಡಿದ್ದಾರೆ. ಗೆದ್ದವರ ಹೆಸರು ಕಚೇರಿಯ ಗೋಡೆಯ ಹಲಗೆಯ ಮೇಲಿದೆ, ಇರಲಿ. ಎರಡನೆಯ ಶತಮಾನದಲ್ಲಿ ಕೊನೆಯವಳಾಗಿ ಬಂದ ಮಗುವಿಗೂ ತಾನು ಎಷ್ಟು ದೂರ ಬಂದೆನೆಂದು ಅಂದಂದೇ, ಅದರ ಮಾತಿನಲ್ಲೇ ಹೇಳುವ ಶಾಲೆ ನಮ್ಮದಾಗಲಿ.